ಗಾಜಿನ ತೊಟ್ಟಿಯ ಹೆಪ್ಪು

ತಹಶೀಲ್ದಾರ್ ವಾಮನರಾಯರ ಮನೆಯ ಗಾಜಿನ ತೊಟ್ಟಿಯಲ್ಲಿ ಎರಡು ಸಲ ಮೀನು ಸತ್ತಿದ್ದವು. ಇನ್ನೊಮ್ಮೆ ಸತ್ತರೆ ಅಡುಗೆಯ ಪದ್ದಕ್ಕನ ಕೆಲಸಕ್ಕೇ ಸಂಚಕಾರ. ಆದರೂ ತೊಟ್ಟಿಯನ್ನೂ ತೊಳೆಯುವ ಅವಳಿಗೆ ರಾಯರ ಅಪ್ಪಣೆ ಮಾತ್ರ ಮತ್ತೆ ಅದೇ.

"ತೊಟ್ಟಿಯ ಫಿಲ್ಟರಿನ ಸ್ಪಂಜು ಕಂದುಗಟ್ಟಿದೆ. ನಾಳೆ ಊಟವಾದ ಮೇಲೆ ಸೋಪು ಹಾಕಿ ತಿಕ್ಕು. ನನ್ನ ಮನೆಯಲ್ಲಿ ಎಲ್ಲವೂ ಥಳಥಳ ಅನ್ನಬೇಕು."

"ಎಲ್ಲವೂನಾ ರಾಯರೇ?"

"ಎಲ್ಲವೂ ಅಂದೆನಲ್ಲ."

ಪದ್ದಕ್ಕ ದೇವರನ್ನು ನೆನೆದು ಅಡುಗೆಮನೆಗೆ ಹೋದಳು. ಮೊಸರಿನ ಪಾತ್ರೆಯನ್ನು ಸೋಪು ಹಾಕಿ ತಿಕ್ಕಿ, ಅದಕ್ಕೆ ಬೆಚ್ಚಗಿನ ಹಾಲು ಸುರಿದಿಟ್ಟಳು.

ಮರುದಿನ ಊಟದ ಕೊನೆಗೆ ರಾಯರ ಅನ್ನದ ಮೇಲೆ ಬರೀ ಹಾಲು ಬಿತ್ತು.

"ಮೊಸರೆಲ್ಲಿ?"

"ಹಾಲು ಹೆಪ್ಪುಗಟ್ಟಲಿಲ್ಲ ರಾಯರೇ. ಪಾತ್ರೆ ಮಾತ್ರ ಥಳಥಳ ಅಂತಿದೆ."

"ಹೆಪ್ಪನ್ನೂ ತೊಳೆದುಬಿಟ್ಟೆಯಾ ಮಾರಾಯ್ತಿ? ಅದಿಲ್ಲದೆ ಮೊಸರು ಹೇಗಾಗುತ್ತೆ?"

"ಸ್ಪಂಜಿನ ಕಂದು ಲೋಳೆಯೂ ನೀರಿಗೆ ಹೆಪ್ಪೇ ರಾಯರೇ. ಮೀನಿನ ಹೊಲಸಿನ ವಿಷ ಕಳೆಯೋ ಸೂಕ್ಷ್ಮಜೀವಿಗಳನ್ನ ಭಗವಂತ ಅಲ್ಲೇ ಇಟ್ಟಿದ್ದಾನೆ. ಎರಡು ಸಲ ಸೋಪು ಹಾಕಿಸಿದಿರಿ, ಎರಡು ಸಲವೂ ಮೀನು ಸತ್ತವು. ತೊಟ್ಟಿಯಿಂದ ತೆಗೆದ ನೀರಲ್ಲೇ ಒಮ್ಮೆ ಹಿಂಡಿದರೆ ಸಾಕು."

ರಾಯರು ತುತ್ತು ಹಿಡಿದೇ ತೊಟ್ಟಿಯ ಕಡೆ ನೋಡಿದರು. ಹೊಸ ಮೀನುಗಳು ಬಾಲ ಆಡಿಸುತ್ತಿದ್ದವು. ದೇವರ ದಯೆ, ಬಾಯಿತನಕ ಬಂದ ಕೋಪ ಹಾಲನ್ನದ ಜೊತೆ ಒಳಗಿಳಿಯಿತು.

"ಸರಿ, ಸೋಪು ಬೇಡ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಾ."

ಪದ್ದಕ್ಕ ಮುಚ್ಚಿಟ್ಟಿದ್ದ ಪುಟ್ಟ ಬಟ್ಟಲನ್ನು ತಂದಿಟ್ಟಳು. "ಇಲ್ಲೇ ಇದೆ ರಾಯರೇ. ಜೀವ ಇರೋದನ್ನ ಸೋಪಿಗೆ ಕೊಡೋಕೆ ನನಗೆ ಮನಸ್ಸು ಬರಲಿಲ್ಲ."