ಬುಡ ಗುಡಿಸಿದ ಪೊರಕೆ

ಬಸ್ ನಿಲ್ದಾಣದ ಪಕ್ಕದ ಹೊಂಗೆಮರಕ್ಕೆ ಕಡ್ಡಿಪೊರಕೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮರ ಉದುರಿಸಿದ ಎಲೆಯನ್ನೆಲ್ಲ ಅದು ದಿನಾ ಬೆಳಿಗ್ಗೆ ಒಂದೂ ಬಿಡದೆ ಗುಡಿಸಿ ಬೆಂಕಿಗೆ ತಳ್ಳುತ್ತಿತ್ತು. ತಿನ್ನಲು ಏನೂ ಸಿಗದೆ ಬುಡದ ಎರೆಹುಳುಗಳು ಊರು ಬಿಟ್ಟವು. ಮಣ್ಣು ಸಿಮೆಂಟಿನಂತೆ ಗಟ್ಟಿಯಾಯಿತು, ರೆಂಬೆಗಳು ಒಂದೊಂದಾಗಿ ಒಣಗಿದವು.

“ಎಷ್ಟು ಸಲ ಬಡಿದುಕೊಳ್ಳಲಿ? ಅದು ಕಸವಲ್ಲ, ನನ್ನ ಊಟ!” ಎಂದು ಮರ ರೇಗಿತು.

“ಊಟವನ್ನು ಯಾರಾದರೂ ಕಾಲ ಕೆಳಗೆ ಚೆಲ್ಲಿಕೊಳ್ಳುತ್ತಾರೆಯೇ?” ಎಂದಿತು ಪೊರಕೆ.

“ನನ್ನ ಬಾಯಿ ಇರುವುದೇ ಕಾಲಿನಲ್ಲಿ, ಪುಣ್ಯಾತ್ಮ!”

“ರೋಗಿಯ ಮಾತಿಗೆ ಬೇಸರಿಸಬಾರದು,” ಎಂದುಕೊಂಡು ಪೊರಕೆ ಇನ್ನೊಮ್ಮೆ ಬರಬರ ಗುಡಿಸಿತು.

ಹೀಗೆ ಗುಡಿಸಿ ಗುಡಿಸಿ ಪೊರಕೆ ಸವೆದು ಮೋಟಾಯಿತು. ಗುಡಿಸುವವರು ಅದನ್ನು ಮರದ ಬುಡದಲ್ಲೇ ಬಿಸಾಡಿದರು. ಹೊಸ ಪೊರಕೆ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಅಷ್ಟರಲ್ಲಿ ಉದುರಿದ ಎಲೆಗಳು ಹಳೆಯ ಪೊರಕೆಯ ಕಡ್ಡಿಗಳಿಗೆ ಸಿಕ್ಕಿಕೊಂಡು ಕೊಳೆತವು, ಎರೆಹುಳುಗಳು ಮರಳಿ ಬಂದವು, ಮರ ಚಿಗುರಿತು.

“ಓಡಾಡುವಾಗ ಮಾಡದ ಉಪಕಾರವನ್ನು ಬಿದ್ದುಕೊಂಡು ಮಾಡಿದೆಯಲ್ಲ!” ಎಂದಿತು ಮರ.

“ಈಗ ತಿಳಿಯಿತು,” ಎಂದಿತು ಅರ್ಧ ಮಣ್ಣಾಗಿದ್ದ ಪೊರಕೆ.

ಅಷ್ಟರಲ್ಲಿ ಹೊಸ ಪೊರಕೆ ಬಂದೇಬಿಟ್ಟಿತು.

“ಮುಟ್ಟಬೇಡ! ಇದು ಕಸವಲ್ಲ, ಮರದ ಊಟ!” ಎಂದು ಹಳೆಯದು ಕೂಗಿಕೊಂಡಿತು.

“ತಾನು ಕಸವೆಂದು ಯಾವ ಕಸ ತಾನೇ ಒಪ್ಪಿಕೊಂಡಿದೆ?” ಎಂದ ಹೊಸ ಪೊರಕೆ, ಮೊದಲು ಅದನ್ನೇ ಗುಡಿಸಿ ಹಾಕಿತು.