ಐದು ಸಂಪುಟ ಓದಿದ ಹುಳು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮೂರಿನಲ್ಲಿ ಪುರಾಣ ಓದುತ್ತಿದ್ದ ಗುರುಶಾಂತಪ್ಪನವರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಒಂದು ಸಂಸ್ಥಾನದ ಪುಸ್ತಕಶಾಲೆಯಲ್ಲಿ ಒಬ್ಬ ಆಳಿದ್ದ. ಧೂಳು ಹೊಡೆಯುವುದು ಅವನ ಕೆಲಸ, ಹೊಡೆಯುತ್ತಲೇ ಓದುವುದು ಅವನ ಚಟ. ಊರೆಲ್ಲ ಅವನನ್ನು ಪುಸ್ತಕದ ಹುಳು ಎಂದೇ ಕರೆಯುತ್ತಿತ್ತು. ಅಲ್ಲಿ ದಿವಾನ ತಿಮ್ಮಾಜಿರಾಯರದು ಮಾತ್ರ ಬೇರೆಯೇ ಕಪಾಟು. "ಇವು ನಾನು ದಿನಾ ಓದುವ ಪುರಾಣಗಳು. ಯಾರೂ ಮುಟ್ಟಕೂಡದು" ಎಂದು ಅಪ್ಪಣೆ ಮಾಡಿದ್ದರು.

ಒಂದು ದಿನ ಮಹಾರಾಜರು ದಿವಾನರೊಡನೆ ಬಂದು ಆ ಕಪಾಟು ತೆರೆಸಿದರು. ಒಂದರ ಮೇಲೊಂದು ಪೇರಿಸಿದ ಐದು ಸಂಪುಟ. ಮೇಲಿನ ರಟ್ಟಿನಲ್ಲೇ ತೂತು!

ದಿವಾನರು ಆಳಿನ ಮೇಲೆ ಹರಿಹಾಯ್ದರು. "ಲೋ ಹುಳುವೇ, ನಾನು ಬೀಗ ಹಾಕಲು ಮರೆತಾಗ ಕದ್ದು ಮನೆಗೊಯ್ದು ಓದಿ, ಹುಳು ಹತ್ತಿಸಿ ತಂದಿಟ್ಟಿದ್ದೀಯ. ಇವತ್ತಿಗೆ ನಿನ್ನ ಚಾಕರಿ ಮುಗಿಯಿತು!"

ಚಾಕರಿ ಹೋದರೆ ಓದೂ ಹೋದಂತೆಯೇ. ಆಳು ಪೊರಕೆಯಿಂದ ಒಂದು ಕಡ್ಡಿ ಎಳೆದು ತೂತಿನಲ್ಲಿ ಇಳಿಬಿಟ್ಟ. ಕಡ್ಡಿ ಸರಾಗವಾಗಿ ಐದೂ ಸಂಪುಟ ದಾಟಿ ಹಲಗೆಗೆ ತಾಗಿತು.

"ನೋಡಿ ಮಹಾಸ್ವಾಮಿ, ತೂತು ಒಂದೇ ನೇರ. ಯಾರಾದರೂ ಒಂದು ಸಂಪುಟ ತೆಗೆದಿಟ್ಟಿದ್ದರೂ ಈ ನೇರ ತಪ್ಪುತ್ತಿತ್ತು. ಹುಳು ಹೊಕ್ಕಾಗಿನಿಂದ ಇವನ್ನು ಯಾರೂ ಮುಟ್ಟಿಲ್ಲ. ನಾನೂ ಮುಟ್ಟಿಲ್ಲ..." ಎಂದು ದಿವಾನರತ್ತ ನೋಡಿದ.

ದಿವಾನರು ಪೇಟ ಸರಿಮಾಡಿಕೊಂಡರು. ಮಹಾರಾಜರು ಮೀಸೆಯಲ್ಲೇ ನಕ್ಕರು.

"ಹಾಗಾದರೆ ದಿನಾ ಓದುತ್ತಿದ್ದವರು ಯಾರಯ್ಯ?"

"ಆ ಹುಳುವೇ ಸ್ವಾಮಿ. ರಟ್ಟಿನಿಂದ ರಟ್ಟಿಗೆ ಐದೂ ಮುಗಿಸಿದೆ. ಒಂದು ಪುಟವನ್ನೂ ಬಿಟ್ಟಿಲ್ಲ."

ಕಪಾಟಿನ ಬೀಗದ ಕೈ ದಿವಾನರ ಸೊಂಟದಿಂದ ಆಳಿನ ಸೊಂಟಕ್ಕೆ ಬಂತು. ಅಂದೇ ಅವನು ಮೊದಲ ಸಂಪುಟ ಬಿಡಿಸಿ ಕುಳಿತ.

ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಓದುವವರೊಬ್ಬರಿಗೆ, ಓದಿದ್ದೇನೆ ಎನ್ನುವವರೊಬ್ಬರಿಗೆ ತಪ್ಪದೆ ಹೇಳಿ.