ಕೆಂಡಗಡ್ಡೆಯ ಕಲ್ಲಿನ ತಲೆ

ಹೊಳೆದಂಡೆಯ ಈರಾಚಾರಿಯ ಆಶ್ರಮದಲ್ಲಿ ಮಂತ್ರಕ್ಕಿಂತ ಉಳಿಯ ಸದ್ದೇ ಜಾಸ್ತಿ. ಕಲ್ಲು ಕೆತ್ತುವುದೇ ಅಲ್ಲಿನ ತಪಸ್ಸು.

ಅಲ್ಲಿ ಹನ್ನೆರಡು ವರ್ಷ ಕಲಿತವನು ದೂಮ. ಬೆಸ್ತರ ಮನೆಯವನು. ಊರು ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಕಡಲಿನ ಕಡೆ ಕೈ ತೋರಿಸಿ, "ಆ ಕಡೆ" ಅಂದುಬಿಡುತ್ತಿದ್ದ. ಅಷ್ಟೇ.

ಅವನ ಊರು ಕೆಂಡಗಡ್ಡೆ, ಕಡಲ ನಡುವಿನ ಕರಿ ದ್ವೀಪ. ಯಾವುದೋ ಕಾಲದಲ್ಲಿ ಸಮುದ್ರದ ತಳ ಸೀಳಿ ಬೆಂಕಿ ಉಕ್ಕಿ, ಹರಿದು, ಆರಿ ಕಲ್ಲಾದ ಜಾಗ. ಆರುವಾಗ ಬತ್ತಿದ ಕೆರೆಯ ಕೆಸರಿನ ಹಾಗೆ ಬಿರುಕು ಬಿಟ್ಟು, ಆರಾರು ಮುಖದ ಕಂಬಗಳಾಗಿ ನಿಂತುಬಿಟ್ಟಿದೆ. ಯಾರೂ ಉಳಿ ಮುಟ್ಟಿಸಿಲ್ಲ, ಅಳತೆಯ ನೂಲು ಹಿಡಿದಿಲ್ಲ. ಆದರೆ ಕಂಬಗಳ ಮೇಲ್ತುದಿಯೆಲ್ಲ ತೂತು ತೂತು.

ಆಶ್ರಮಕ್ಕೆ ಬಂದ ಮೊದಲ ದಿನವೇ ಜೊತೆಯ ಶಿಷ್ಯ ಕಾಳಾಚಾರಿ ನಕ್ಕಿದ್ದ: "ಅಯ್ಯೋ, ಹುಳ ತಿಂದ ಕಲ್ಲಿನ ಊರಿನವನಾ ನೀನು!"

ಅವತ್ತಿನಿಂದ ದೂಮನ ಬಾಯಲ್ಲಿ ಊರಿನ ಹೆಸರೇ ಬರಲಿಲ್ಲ.

ಆಶ್ರಮದಲ್ಲೊಂದು ಪದ್ಧತಿ. ಕಲಿಕೆ ಮುಗಿದ ಶಿಷ್ಯ ತಾನೇ ಒಂದು ಕಲ್ಲು ಹುಡುಕಿ ತಂದು ನೆಡಬೇಕು. ಹುಟ್ಟಿದ ಜಾಗದಲ್ಲಿ ಯಾವ ತುದಿ ಮೇಲಿತ್ತೋ ಅದು ಕಲ್ಲಿನ ತಲೆ. ನೆಟ್ಟಾಗಲೂ ಅದೇ ಮೇಲಿರಬೇಕು. ಗುರುಗಳು ಬಂದು ತಲೆ ಯಾವುದು, ಊರು ಯಾವುದು ಎಂದು ಕೇಳುತ್ತಾರೆ. ಸರಿಯಿದ್ದರೆ ತಮ್ಮ ಉಳಿಯನ್ನೇ ಕೈಗಿಡುತ್ತಾರೆ. ತಪ್ಪಿದರೆ ಇನ್ನೂ ಮೂರು ವರ್ಷ ಜಲ್ಲಿ ಒಡೆಯಬೇಕು.

ದೂಮ ಊರೂರು ಸುತ್ತಿದ. ಏನು ಮಾಡಿದರೂ ಅವನ ಕಣ್ಣಿಗೆ ಕೆಂಡಗಡ್ಡೆಯ ಕಂಬಕ್ಕಿಂತ ಚೆಂದದ ಕಲ್ಲು ಬೀಳಲಿಲ್ಲ. ಕೊನೆಗೆ ಎರಡು ದೋಣಿ ಜೋಡಿಸಿ ಕಟ್ಟಿ, ಕಡಲು ಉಬ್ಬುವ ಭರತದ ನೀರಿನ ಮೇಲೆ ಅದನ್ನೇ ತಂದ.

ತಂದವನು ತೂತಿನ ತುದಿಯನ್ನು ಗುಂಡಿಗಿಳಿಸಿ ಮಣ್ಣು ಮುಚ್ಚಿದ. ನುಣುಪಾದ ಬುಡ ಮೇಲಾಯಿತು. ಗೊತ್ತಿದ್ದೂ ಗೊತ್ತಿದ್ದೂ ಮಾಡಿದ, ಪುಣ್ಯಾತ್ಮ!

ಪರೀಕ್ಷೆಯ ದಿನ ಬೆಳಿಗ್ಗೆ ಈರಾಚಾರಿ ಬಂದು ಕಂಬದ ಸುತ್ತ ಒಂದು ಸುತ್ತು ಬಂದರು. ಸುತ್ತಿಗೆಯಿಂದ ತಟ್ಟಿ ಕಿವಿಯಿಟ್ಟರು.

"ಉಸಿರು ಕಟ್ಟಿದೆ ಕಣೋ ಇದಕ್ಕೆ."

"ಕಲ್ಲಿಗೆ ಉಸಿರಾ, ಗುರುಗಳೇ?"

"ಬಾ, ಮೊದಲು ತಿಂಡಿ ತಿನ್ನು."

ಅಡುಗೆಮನೆಯಲ್ಲಿ ಗುರುಪತ್ನಿ ಗೌರಮ್ಮ ಕಾದ ಕಾವಲಿಯ ಮೇಲೆ ಹಿಟ್ಟು ಹುಯ್ದರು. ಚುಂಯ್ ಅಂತು. ದೋಸೆಯ ಮೇಲೆ ಒಂದೊಂದೇ ಕಣ್ಣು ಬಿಟ್ಟುಕೊಂಡವು.

"ಬೆಂಕಿ ಎಲ್ಲಿದೆ?" ಗುರುಗಳು ಕೇಳಿದರು.

"ಕೆಳಗೆ."

"ಒಳಗಿನ ಹಬೆ ಎತ್ತ ಹೋಯಿತು?"

"ಮೇಲಕ್ಕೆ."

"ಹೋದದ್ದು ಹೇಗೆ ಗೊತ್ತಾಯಿತು?"

ದೂಮನ ಕಣ್ಣು ದೋಸೆಯ ತೂತುಗಳ ಮೇಲೇ ನೆಟ್ಟಿತ್ತು.

ಗೌರಮ್ಮ ಸಟ್ಟುಗ ಹಿಡಿದು, "ಮಗುಚಿ ಹಾಕಲಾ?" ಅಂದರು.

"ಬೇಡ ಮಾರಾಯ್ತಿ," ಅಂದರು ಗುರುಗಳು. "ಇವನು ಆಗಲೇ ಒಂದನ್ನ ಮಗುಚಿ ಹಾಕಿದ್ದಾನೆ."

ದೂಮ ಎಲೆ ಬಿಟ್ಟು ಎದ್ದ.

ಅಷ್ಟರಲ್ಲಿ ಹೊಳೆಯಲ್ಲಿ ಕೆಂಡಗಡ್ಡೆಯ ದೋಣಿಗಳು ಕಂಡವು. ಮಗ ಉಳಿ ಪಡೆಯುವುದನ್ನು ನೋಡಲು ಅಪ್ಪ ಬೊಗ್ಗಣ್ಣ ದ್ವೀಪದವರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಎಲ್ಲರದೂ ಹೊಸ ಬಟ್ಟೆ. ದೂಮ ಇನ್ನು ಸುಮ್ಮನಿದ್ದರೂ ಆಗುತ್ತಿತ್ತು. ಗುರುಗಳು ಬೇರೆಯವರೆದುರು ಒಂದು ಮಾತೂ ಆಡಿರಲಿಲ್ಲ.

ದೂಮ ಹಾರೆ ತಂದು ಕಂಬದ ಬುಡ ಅಗೆಯತೊಡಗಿದ.

"ನೆಟ್ಟಾಗಿದೆಯಲ್ಲೋ ಮಗಾ," ಅಪ್ಪ ಗಾಬರಿಯಾದ.

"ತಲೆಕೆಳಗಾಗಿ ನೆಟ್ಟಿದ್ದೆ ಅಪ್ಪಾ. ತೂತು ಕಂಡರೆ ನಗುತ್ತಾರೆ ಅಂತ."

ಅಪ್ಪ ಮುಂಡಾಸು ಬಿಚ್ಚಿ ಸೊಂಟಕ್ಕೆ ಬಿಗಿದು ಹಗ್ಗ ಹಿಡಿದ. ಹಿಂದೆಯೇ ಹೊಸ ಬಟ್ಟೆಯವರೆಲ್ಲ ಹಿಡಿದರು. "ಐಸಾ!" ಅನ್ನುವ ಕೂಗು ದಂಡೆಗೆಲ್ಲ ಕೇಳಿತು. ನೋಡುತ್ತ ನಿಂತಿದ್ದ ಕಾಳಾಚಾರಿಗೂ ಕೈ ಕಟ್ಟಿಕೊಂಡಿರಲು ಆಗಲಿಲ್ಲ, ಪಾಪ, ಅವನೂ ಬಂದು ಹೆಗಲು ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಕಂಬ ಮತ್ತೆ ನಿಂತಿತು. ತೂತಿನ ತುದಿ ಬಿಸಿಲಿಗೆ ಬಂತು. ಅದನ್ನು ನೋಡಿ ದೂಮನ ಎದೆ ತುಂಬಿ ಬಂತು. ಇಷ್ಟು ವರ್ಷ ನಾಚಿದ್ದು ಇದಕ್ಕಾ ಅನ್ನಿಸಿತು.

"ಗುರುಗಳೇ, ತಪ್ಪು ಮಾಡಿದೆ. ನಾಳೆಯಿಂದ ಜಲ್ಲಿ ಒಡೆಯುತ್ತೇನೆ."

"ನಾನಿನ್ನೂ ಕೇಳೇ ಇಲ್ಲವಲ್ಲೋ," ಅಂದರು ಈರಾಚಾರಿ. "ತಲೆ ಯಾವುದು?"

ದೂಮ ಏಣಿ ಹತ್ತಿ, ತೂತಿನ ಕಲ್ಲಿನ ಮೇಲೆ ಅಂಗೈ ಇಟ್ಟ.

"ಇದು. ಬೆಂಕಿ ಉಸಿರು ಬಿಟ್ಟ ಜಾಗ."

"ಊರು?"

"ಕೆಂಡಗಡ್ಡೆ!"

ಆಚೆ ದಡದವರೂ ತಿರುಗಿ ನೋಡಿದರು.

"ಕಲ್ಲಿನ ಊರು ಅದು. ನಿನ್ನದು?"

"ನನ್ನದೂ ಕೆಂಡಗಡ್ಡೆಯೇ, ಗುರುಗಳೇ! ಕೆಂಡಗಡ್ಡೆಯ ಬೊಗ್ಗಣ್ಣನ ಮಗ ನಾನು!"

ಬೊಗ್ಗಣ್ಣ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ.

ದೂಮ ಏಣಿ ಇಳಿದು ಬಂದ. ಈರಾಚಾರಿ ಸೊಂಟದಿಂದ ಉಳಿ ತೆಗೆದು ಅವನ ಕೈಗಿಟ್ಟು, ಕಂಬವನ್ನೂ ಅವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೂಂ. ಈಗ ಇಬ್ಬರೂ ನೆಟ್ಟಗೆ ನಿಂತಿರಿ."